ಪಕ್ಕವಾದ್ಯಕ್ಕೆ ಕೂತ ಹುಡುಗರು: ನ್ಯಾಶ್‌ವಿಲ್ 1971, ಒಂದು ಪ್ರಕರಣ ಅಧ್ಯಯನ

ಪರಂಪರೆಯನ್ನು ಗೌರವಿಸೋಣ ಅಂತ ದೊಡ್ಡ ದೊಡ್ಡ ಕಲಾವಿದರನ್ನು ಒಂದೇ ಆಲ್ಬಮ್‌ಗೆ ಸೇರಿಸುವುದು ಅಮೆರಿಕದ ಕಂಟ್ರಿ ಸಂಗೀತದಲ್ಲಿ, ಅಂದರೆ ಅಲ್ಲಿನ ಹಳ್ಳಿಗಾಡಿನಿಂದ ಬೆಳೆದ ಜನಪ್ರಿಯ ಸಂಗೀತದಲ್ಲಿ, ಹಳೆಯ ರೂಢಿ. ಹೆಸರುಗಳು ದೊಡ್ಡವಿರುತ್ತವೆ, ಬಿಡುಗಡೆಯ ದಿನ ಸದ್ದೂ ಜೋರಾಗಿರುತ್ತದೆ. ಎರಡನೇ ಸಲ ಕೇಳುವವರು ಮಾತ್ರ ಕಮ್ಮಿ. ಹಾಗಾಗದೆ ಉಳಿದುಕೊಂಡ ಒಂದು ಪ್ರಕರಣ ಇಲ್ಲಿದೆ. 1971ರ ಆಗಸ್ಟ್‌ನಲ್ಲಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಆರು ದಿನ ರೆಕಾರ್ಡಿಂಗ್ ನಡೆಯಿತು. 1972ರಲ್ಲಿ ಅದು ಮೂರು ಎಲ್‌ಪಿಗಳ (ದೊಡ್ಡ ಗ್ರಾಮಫೋನ್ ತಟ್ಟೆಗಳ) ಸೆಟ್ ಆಗಿ ಹೊರಬಂತು. ಇಂದಿಗೂ ಜನ ಕೂತು ಕೇಳುತ್ತಾರೆ.

ಆ ಆರು ದಿನ ಸ್ಟುಡಿಯೋದಲ್ಲಿದ್ದವರ ಹೆಸರನ್ನು ನಾನು ಹಾಕುತ್ತಿಲ್ಲ. ಬಲ್ಲವರು ಬೇಗ ಗುರುತು ಹಿಡಿಯುತ್ತಾರೆ, ಅದು ಪರವಾಗಿಲ್ಲ. ಆದರೆ ಹೆಸರು ಕಂಡ ಕೂಡಲೇ "ಅಂಥವರಿದ್ದ ಮೇಲೆ ಚೆನ್ನಾಗಿ ಆಗದೆ ಇರುತ್ತಾ" ಅನ್ನಿಸಿಬಿಡುತ್ತದೆ. ಆಗದೆಯೂ ಇರಬಹುದಿತ್ತು. ಅದೇ ಕಲಾವಿದರನ್ನು ಇಟ್ಟುಕೊಂಡು ಕೆಟ್ಟ ಆಲ್ಬಮ್ ಮಾಡುವುದು ಬಹಳ ಸುಲಭವಿತ್ತು. ಅದನ್ನು ತಪ್ಪಿಸಿದ್ದು ಕೆಲವು ನಿರ್ಧಾರಗಳು. ಓದುವವರ ಗಮನ ಅವುಗಳ ಮೇಲಿರಲಿ ಅಂತ ಈ ಏರ್ಪಾಡು.

ಹಿನ್ನೆಲೆ

1927ರ ಬೇಸಿಗೆಯಲ್ಲಿ ರಾಲ್ಫ್ ಪೀರ್ ಎಂಬ ನಿರ್ಮಾಪಕರು ವಿಕ್ಟರ್ ಕಂಪನಿಯ ಪರವಾಗಿ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಬ್ರಿಸ್ಟಲ್ ಪಟ್ಟಣಕ್ಕೆ ಬಂದರು. ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿ ಹಾದುಹೋಗುವುದು ಆ ಊರಿನ ಪೇಟೆಬೀದಿಯ ನಡುವೆಯೇ. ಸುತ್ತಲಿನ ಗುಡ್ಡಗಾಡಿನಿಂದ ಹಾಡುವವರು ಬಂದರು. ಮುಂದೆ ಕಂಟ್ರಿಯ ಪಿತಾಮಹ ಅನ್ನಿಸಿಕೊಂಡ ಜಿಮ್ಮಿ ರಾಜರ್ಸ್ ಅಲ್ಲಿ ಮೊದಲ ಸಲ ರೆಕಾರ್ಡ್‌ಗೆ ಹಾಡಿದರು. ಅದೇ ವಾರ ವರ್ಜೀನಿಯಾದ ಒಂದು ಕುಟುಂಬದ ಮೂವರೂ ಹಾಡಿದರು. ಮೂವರಲ್ಲಿ ಗಿಟಾರ್ ಹಿಡಿದಿದ್ದ ಹುಡುಗಿಗೆ ಆಗ 18 ವರ್ಷ. ನಮ್ಮ ಪ್ರಕರಣ ನಡೆಯುವಾಗ ಆಕೆಗೆ 62. ಇಲ್ಲಿ ಅವರನ್ನು ಹಿರಿಯಮ್ಮ ಅಂತ ಕರೆಯುತ್ತೇನೆ.

ಆ ನಡುವೆ ಕಂಟ್ರಿ ಸಂಗೀತ ದೊಡ್ಡ ಉದ್ಯಮ ಆಯಿತು. 1950ರ ದಶಕದ ಕೊನೆಯಿಂದ ನ್ಯಾಶ್‌ವಿಲ್‌ನ ನಿರ್ಮಾಪಕರು ಪೇಟೆಯ ಕೇಳುಗರನ್ನು ಸೆಳೆಯಲು ಚರ್ಮ ಬಿಗಿದ ತಂತಿವಾದ್ಯ ಬ್ಯಾಂಜೊವನ್ನೂ ಹಳ್ಳಿ ಧಾಟಿಯಲ್ಲಿ ನುಡಿಸುವ ವಯಲಿನ್ ಆದ ಫಿಡಲನ್ನೂ ಹಿಂದೆ ಸರಿಸಿದರು. ಆ ಜಾಗಕ್ಕೆ ವಯಲಿನ್‌ಗಳ ಗುಂಪು ಬಂತು, ಹಿಂದೆ ಹಮ್ ಮಾಡುವ ಕೋರಸ್ ಬಂತು. ಒಳ್ಳೆಯ ಹಾಡುಗಳೇನೋ ಬಂದವು. ಆದರೆ ಈ ಸಂಗೀತವನ್ನು ಕಟ್ಟಿದ ಹಿರಿಯರು ರೇಡಿಯೋದಲ್ಲಿ ಅಪರೂಪವಾದರು.

ಈಗ ತಂಡಕ್ಕೆ ಬರೋಣ. ಐವರು ಹುಡುಗರು. 1966ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಶುರುವಾದ ತಂಡ. 1971ರ ಆರಂಭದಲ್ಲಿ ಅವರ ಒಂದು ಹಾಡು ಪಾಪ್ ಪಟ್ಟಿಯ ಮೊದಲ ಹತ್ತರೊಳಗೆ ಬಂದಿತ್ತು. ಉದ್ದ ಕೂದಲು, ಗಡ್ಡ. ಹಳೆಯ ಹಿರಿಯರ ರೆಕಾರ್ಡ್ ಹಾಕಿಕೊಂಡು, ಸೂಜಿಯನ್ನು ಹಿಂದೆ ಹಿಂದೆ ಇಟ್ಟು, ಒಂದೊಂದು ಪಟ್ಟನ್ನೂ ಕಲಿತವರು. ಅವರ ಮ್ಯಾನೇಜರ್ ಕಮ್ ನಿರ್ಮಾಪಕರು ತಂಡದ ಬ್ಯಾಂಜೊ ವಾದಕನ ಅಣ್ಣ.

ಸಮಸ್ಯೆ

ಹಿರಿಯರ ಜೊತೆ ಒಂದು ಆಲ್ಬಮ್ ಮಾಡಬೇಕು ಅನ್ನುವುದು ಹುಡುಗರ ಆಸೆ. ಆದರೆ ಕಾಲ ಸರಿಯಿರಲಿಲ್ಲ. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಉದ್ದ ಕೂದಲು ಬಿಟ್ಟವನು ಅಂದರೆ ಯುದ್ಧ ವಿರೋಧಿ, ಹಿಪ್ಪಿ, ದೇಶದ ಮೇಲೆ ಗೌರವ ಇಲ್ಲದವನು ಅಂತ ನ್ಯಾಶ್‌ವಿಲ್‌ನ ಎಷ್ಟೋ ಜನ ನೋಡುತ್ತಿದ್ದರು. ಹುಡುಗರ ಕಡೆಯವರಿಗೆ ಕಂಟ್ರಿ ಅಂದರೆ ಹಿಂದುಳಿದವರ ಸಂಗೀತ. ತಂದೆ ಮಕ್ಕಳೇ ಒಂದೇ ಮೇಜಿನಲ್ಲಿ ಊಟ ಮಾಡಲಾಗದೆ ಜಗಳವಾಡುತ್ತಿದ್ದ ವರ್ಷಗಳು ಅವು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿತ್ತು. ಈ ಆಲ್ಬಮ್ ಯಾರದ್ದು? ಹಿಟ್ ಹಾಡು ಇದ್ದದ್ದು ಹುಡುಗರ ಕೈಯಲ್ಲಿ, ಕಂಪನಿಯ ಒಪ್ಪಂದವೂ ಅವರದ್ದೇ. ಹಿರಿಯರನ್ನು ಒಂದೊಂದು ಹಾಡಿಗೆ ಕರೆದು, ಮುಖಪುಟದಲ್ಲಿ ಫೋಟೋ ಹಾಕಿ ಮುಗಿಸಬಹುದಿತ್ತು. ನಮ್ಮ ಸಭೆಗಳಲ್ಲಿ ಹಿರಿಯ ಕಲಾವಿದರಿಗೆ ಶಾಲು ಹೊದಿಸಿ, ಹಾರ ಹಾಕಿ, ಮುಂದಿನ ಸಾಲಿನಲ್ಲಿ ಕೂರಿಸಿ, ಆಮೇಲೆ ಮೈಕ್ ಇನ್ಯಾರಿಗೋ ಕೊಡುತ್ತಾರಲ್ಲ, ಹಾಗೆ.

ಯಾರನ್ನು ಮೊದಲು ಕೇಳುವುದು

ಮೊದಲು ಕೇಳಿದ್ದು ಬ್ಯಾಂಜೊ ಗುರುಗಳನ್ನು. ಮೂರು ಬೆರಳಿನ ಬ್ಯಾಂಜೊ ಶೈಲಿ ಇವತ್ತು ಲೋಕಕ್ಕೆಲ್ಲ ಗೊತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಅವರು. ಹುಡುಗರು ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಕಾರ್ಯಕ್ರಮ ಕೊಟ್ಟಾಗ ಗುರುಗಳು ಕುಟುಂಬ ಸಮೇತ ಕೇಳಲು ಬಂದಿದ್ದರು. ಪರಿಚಯ ಬೆಳೆಯಿತು. ಮುಂದೆ ತಂಡದ ಬ್ಯಾಂಜೊ ಹುಡುಗ ಧೈರ್ಯ ಮಾಡಿ ಕೇಳಿದ. ಅವರು ಸಂತೋಷದಿಂದ ಒಪ್ಪಿದರು.

ಇದು ಬರೀ ಅದೃಷ್ಟ ಅಲ್ಲ. ಅವರು 1969ರಲ್ಲಿ ತಮ್ಮ ಹಳೆಯ ಜೋಡಿಯಿಂದ ಬೇರೆಯಾಗಿ ಸ್ವಂತ ಮಕ್ಕಳ ಜೊತೆ ನುಡಿಸಲು ಶುರು ಮಾಡಿದ್ದರು. ಮಕ್ಕಳಿಗೂ ಉದ್ದ ಕೂದಲು. ಅದೇ ವರ್ಷ ನವೆಂಬರ್‌ನಲ್ಲಿ ವಾಷಿಂಗ್ಟನ್‌ನ ಯುದ್ಧ ವಿರೋಧಿ ಸಭೆಯಲ್ಲೂ ನುಡಿಸಿದ್ದರು. ಎರಡು ಕಡೆಯ ಗೌರವವೂ ಇದ್ದ ವ್ಯಕ್ತಿ. ಅವರು ಹೂಂ ಅಂದ ಮೇಲೆ ಉಳಿದವರ ಬಾಗಿಲು ಅರ್ಧ ತೆರೆದ ಹಾಗಾಯಿತು. ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡವರ ಹತ್ತಿರ ಮೊದಲೇ ಹೋಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಎರಡನೆಯವರು ಉತ್ತರ ಕೆರೊಲಿನಾದ ಅಂಧ ಗಿಟಾರ್ ವಾದಕರು. ಕೊಲೊರಾಡೊದ ಬೋಲ್ಡರ್ ಊರಿನ ಒಂದು ಕ್ಲಬ್ಬಿನಲ್ಲಿ ಅವರು ನುಡಿಸುತ್ತಿದ್ದಾಗ ಹುಡುಗರು ಹೋಗಿ ಕೇಳಿದರು. ಬ್ಯಾಂಜೊ ಗುರುಗಳು ಬರುತ್ತಾರೆ ಅನ್ನುವ ಮಾತೇ ಶಿಫಾರಸಾಯಿತು. ಹೀಗೆ ಒಬ್ಬರಿಂದ ಒಬ್ಬರು. ಹಿರಿಯಮ್ಮ ಬಂದರು. ಕೆಂಟಕಿಯ ಗಣಿ ಪ್ರದೇಶದ ಗಿಟಾರ್ ವಾದಕರು ಬಂದರು. ಎತ್ತರದ ದನಿಯ ಒಬ್ಬ ಬ್ಲೂಗ್ರಾಸ್ ಗಾಯಕರು ಬಂದರು. ಬ್ಲೂಗ್ರಾಸ್ ಅಂದರೆ ಬ್ಯಾಂಜೊ, ಫಿಡಲ್ ಇಟ್ಟುಕೊಂಡು ವೇಗವಾಗಿ ನುಡಿಸುವ ಕಂಟ್ರಿ ಶೈಲಿ. ಫಿಡಲ್‌ಗೂ, ಆಳೆತ್ತರದ ಮಂದ್ರ ದನಿಯ ತಂತಿವಾದ್ಯ ಡಬಲ್ ಬೇಸ್‌ಗೂ ನ್ಯಾಶ್‌ವಿಲ್‌ನವರನ್ನೇ ಹಾಕಿಕೊಂಡರು.

ಒಬ್ಬರು ಮಾತ್ರ ಬರಲಿಲ್ಲ. ಬ್ಲೂಗ್ರಾಸ್‌ನಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ. ಬರುವುದಿಲ್ಲ ಅಂದರು. ಆಲ್ಬಮ್ ನಿಲ್ಲಲಿಲ್ಲ. ಅವರ ತಂಡದಲ್ಲಿ ಹಿಂದೆ ಪಳಗಿದ್ದ ಮೂವರು, ಅಂದರೆ ಬ್ಯಾಂಜೊ ಗುರುಗಳು, ಆ ಎತ್ತರದ ದನಿಯ ಗಾಯಕರು ಮತ್ತು ಫಿಡಲ್ ವಾದಕರು, ಸ್ಟುಡಿಯೋದಲ್ಲಿದ್ದರು. ಅವರ ಸಂಗೀತ ಹಾಗೆ ಒಳಗೆ ಬಂತು. ಎಲ್ಲರೂ ಬಂದರೆ ಮಾತ್ರ ಮಾಡುತ್ತೇವೆ ಅಂತ ಕಾಯುತ್ತಾ ಕೂರುವ ಸಂಘಟಕರನ್ನು ನೋಡಿದಾಗೆಲ್ಲ ನನಗೆ ಈ ಭಾಗ ನೆನಪಾಗುತ್ತದೆ.

ಎರಡೇ ಟ್ರ್ಯಾಕ್

ನನ್ನ ಪ್ರಕಾರ ಇಡೀ ಪ್ರಕರಣದ ದೊಡ್ಡ ನಿರ್ಧಾರ ಇದು. ಜಾಗ ಪೂರ್ವ ನ್ಯಾಶ್‌ವಿಲ್‌ನ ವುಡ್‌ಲ್ಯಾಂಡ್ ಸ್ಟುಡಿಯೋ. ಹಿಂದೆ ಸಿನಿಮಾ ಥಿಯೇಟರ್ ಆಗಿದ್ದ ಕಟ್ಟಡ. ಆ ಹೊತ್ತಿಗೆ 16 ಟ್ರ್ಯಾಕ್ ಯಂತ್ರಗಳು, ಅಂದರೆ 16 ದನಿಗಳನ್ನು ಒಂದೇ ಟೇಪಿನಲ್ಲಿ ಬೇರೆ ಬೇರೆಯಾಗಿ ಹಿಡಿಯುವ ಯಂತ್ರಗಳು, ಬಂದಿದ್ದವು. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ, ತಪ್ಪಿದ ಕಡೆ ತೇಪೆ ಹಾಕಿ, ಕೊನೆಗೆ ಮಿಕ್ಸ್ ಮಾಡುವುದು ಸುಲಭದ ದಾರಿ. ಮ್ಯಾನೇಜರ್ ಅದನ್ನು ಬಿಟ್ಟು ನೇರವಾಗಿ ಎರಡು ಟ್ರ್ಯಾಕಿಗೆ ರೆಕಾರ್ಡ್ ಮಾಡಿದರು. ಎಡಕ್ಕೊಂದು, ಬಲಕ್ಕೊಂದು, ಅಷ್ಟೇ. ನುಡಿಸುವಾಗಲೇ ಮಿಕ್ಸ್ ಆಗಿಹೋಗುತ್ತದೆ. ಆಮೇಲೆ ಫಿಡಲ್ ಸ್ವಲ್ಪ ಜಾಸ್ತಿ ಮಾಡೋಣ, ಗಾಯಕರ ದನಿ ಮುಂದೆ ತರೋಣ ಅನ್ನುವ ಹಾಗಿಲ್ಲ. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ.

ಇದರ ಪರಿಣಾಮ ಏನು ಅಂದರೆ, ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸಬೇಕು. ಹಿರಿಯರಿಗೆ ಇದು ಮನೆ ಇದ್ದ ಹಾಗೆ. ರೇಡಿಯೋದಲ್ಲಿ ನೇರ ಪ್ರಸಾರಕ್ಕೆ ಹಾಡಿ ಬೆಳೆದವರು ಅವರು. ಹೊಸ ತಂತ್ರಜ್ಞಾನ ಹುಡುಗರ ಆಟವಾಗಿದ್ದರೆ ಹಿರಿಯರು ಅಲ್ಲಿ ಅತಿಥಿಗಳಾಗಿರುತ್ತಿದ್ದರು. ಎರಡು ಟ್ರ್ಯಾಕ್ ಅಂದ ಕೂಡಲೇ ಕೋಣೆಯ ಯಜಮಾನಿಕೆ ಅವರ ಕೈಗೆ ಹೋಯಿತು, ಹುಡುಗರು ಕಲಿಯುವವರಾದರು. ಯಾರೂ ಭಾಷಣ ಮಾಡಬೇಕಾಗಲಿಲ್ಲ. ಒಂದು ಯಂತ್ರದ ಆಯ್ಕೆ ಅದನ್ನು ಮಾಡಿತು.

ಹಾಡಿನ ಆಯ್ಕೆಯೂ ಅದೇ ದಿಕ್ಕಿನಲ್ಲಿತ್ತು. ಹಿರಿಯರು ಹಾಡಿದ್ದು ಬಹುಮಟ್ಟಿಗೆ ತಮಗೆ ದಶಕಗಳಿಂದ ಕೈಬಂದ ಹಾಡುಗಳನ್ನೇ. ಹಿರಿಯಮ್ಮ 1928ರಲ್ಲಿ ಕುಟುಂಬದ ಜೊತೆ ರೆಕಾರ್ಡ್ ಮಾಡಿದ್ದ ಹಾಡುಗಳನ್ನು 43 ವರ್ಷದ ಮೇಲೆ ಮತ್ತೆ ಎತ್ತಿಕೊಂಡರು. ಹುಡುಗರು ತಾವೇ ಮುಂದೆ ನಿಂತು ಹಾಡಿದ ಹಾಡುಗಳು ಕೆಲವೇ. ಅವೂ ಹಿಂದಿನ ತಲೆಮಾರಿನ ಹೆಸರಾಂತ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಕಾಲದ ಹಳೆಯ ಹಾಡುಗಳು. ಆಗಷ್ಟೇ ಓಡುತ್ತಿದ್ದ ತಮ್ಮ ಹಿಟ್ ಹಾಡನ್ನು ಈ ಆಲ್ಬಮ್‌ಗೆ ಸೇರಿಸಲೇ ಇಲ್ಲ. ಕಂಪನಿಯ ಲೆಕ್ಕದಲ್ಲಿ ನೋಡಿದರೆ ಸಣ್ಣ ತ್ಯಾಗ ಅಲ್ಲ ಅದು. ಮೂರು ಎಲ್‌ಪಿ ಉದ್ದಕ್ಕೂ ಅವರು ಹೆಚ್ಚಾಗಿ ಮಾಡಿದ್ದು ಪಕ್ಕವಾದ್ಯ.

ಹಿರಿಯಮ್ಮನ ಗಿಟಾರ್ ಶೈಲಿಯನ್ನು ಇಲ್ಲಿ ಹೇಳಲೇಬೇಕು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸುತ್ತದೆ. ಅದೇ ಹೊತ್ತಿಗೆ ಉಳಿದ ಬೆರಳು ತೆಳು ತಂತಿಗಳನ್ನು ಸವರಿ ತಾಳ ತುಂಬುತ್ತದೆ. ಧಾಟಿ ಕೆಳಗೆ, ತಾಳ ಮೇಲೆ. ಒಬ್ಬರೇ ನುಡಿಸಿದರೂ ಇಬ್ಬರು ನುಡಿಸಿದ ಹಾಗೆ. ಗಿಟಾರ್ ಬರೀ ಹಿಂದಿನಿಂದ ಶ್ರುತಿ ಕೊಡುವ ವಾದ್ಯ ಅಂತಿದ್ದ ಕಾಲದಲ್ಲಿ ಅದನ್ನು ಮುಂದಕ್ಕೆ ತಂದ ಶೈಲಿ ಇದು. ಇಂಥದ್ದರ ಪಕ್ಕದಲ್ಲಿ ಐದಾರು ವಾದ್ಯ ಜೋರಾಗಿ ನುಡಿಸಿದರೆ ಎಲ್ಲ ಮುಳುಗಿಹೋಗುತ್ತದೆ. ಆಲ್ಬಮ್ ಕೇಳಿ ನೋಡಿ. ಅವರು ಬಂದ ಕೂಡಲೇ ಉಳಿದವರ ಕೈ ಹಗುರವಾಗುತ್ತದೆ.

ಅನುಮಾನದಲ್ಲಿದ್ದ ಹಿರಿಯರು

ಆಗಿನ ಕಂಟ್ರಿ ಲೋಕದಲ್ಲಿ ಎಲ್ಲರಿಗಿಂತ ದೊಡ್ಡವರು ಅಂತ ಗೌರವ ಪಡೆದಿದ್ದ ಗಾಯಕರಿಗೆ ಆಗ 67 ವರ್ಷ. 1948ರಲ್ಲಿ ರಾಜ್ಯದ ಗವರ್ನರ್ ಚುನಾವಣೆಗೂ ನಿಂತಿದ್ದವರು. ಹಳೆಯ ಕಟ್ಟುಪಾಡಿನ ಮನುಷ್ಯ. ಈ ಗಡ್ಡದ ಹುಡುಗರ ಬಗ್ಗೆ ಅವರಿಗೆ ನಂಬಿಕೆ ಇರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಮುಖವೇ ಕಾಣದಷ್ಟು ಗಡ್ಡ ಬಿಟ್ಟರೆ ಮನುಷ್ಯನನ್ನು ಅಳೆಯುವುದು ಹೇಗೆ ಅನ್ನುವುದು ಅವರ ಪ್ರಶ್ನೆ.

ಅವರು ಬಂದಾಗ ಹುಡುಗರು ವಾದ ಮಾಡಲಿಲ್ಲ, ಓಲೈಸಲೂ ಇಲ್ಲ. ಅಷ್ಟರಲ್ಲಿ ರೆಕಾರ್ಡ್ ಆಗಿದ್ದ ಹಾಡುಗಳ ಟೇಪ್ ಹಾಕಿ ಕೇಳಿಸಿದರು. ಅವರು ಕೂತು ಕೇಳಿದರು. ಇದನ್ನು ಯಾವ ಸಂಗೀತ ಅಂತ ಕರೆಯುತ್ತೀರಿ ಅಂತ ಕೇಳಿದರು. ಕೊನೆಗೆ, ಇದು ಅಪ್ಪಟ ಕಂಟ್ರಿಯೇ, ನಡೀರಿ ಇನ್ನಷ್ಟು ಮಾಡೋಣ ಅನ್ನುವ ಅರ್ಥದ ಮಾತು ಹೇಳಿ ಎದ್ದರು. ಪ್ರಕರಣ ತಿರುಗಿದ್ದು ಅಲ್ಲಿ. ಟೇಪಿನಲ್ಲಿ ಇದ್ದದ್ದು ಅವರ ಸಮಕಾಲೀನರ ದನಿ, ಅದರ ಸುತ್ತ ಹುಡುಗರ ವಾದ್ಯ. ತಮ್ಮ ಸ್ನೇಹಿತರನ್ನು ಈ ಹುಡುಗರು ಹೇಗೆ ನಡೆಸಿಕೊಂಡಿದ್ದಾರೆ ಅನ್ನುವುದು ಕಿವಿಗೇ ಕೇಳುತ್ತಿತ್ತು. ವೇಳಾಪಟ್ಟಿಯಲ್ಲಿ ಅವರೇ ಮೊದಲಿಗರಾಗಿದ್ದರೆ ಕೇಳಿಸಲು ಏನೂ ಇರುತ್ತಿರಲಿಲ್ಲ ಅಲ್ವಾ?

ಅವರು ಹಾಡುವ ಮುಂಚೆ ಹೇಳಿದ ಒಂದು ಮಾತು ಆಲ್ಬಮ್‌ನಲ್ಲೇ ಉಳಿದಿದೆ. ಒಂದು ಹಾಡು ರೆಕಾರ್ಡ್ ಮಾಡುತ್ತೇನೆ ಅಂತ ತೀರ್ಮಾನಿಸಿದ ಮೇಲೆ ಮೊದಲ ಸಲವೇ ಪೂರ್ತಿ ಮನಸ್ಸು ಕೊಟ್ಟು ಹಾಡಬೇಕು, ಮತ್ತೆ ಮತ್ತೆ ಹಾಡಿದಷ್ಟೂ ಏನೋ ಸ್ವಲ್ಪ ಕಳೆದುಹೋಗುತ್ತದೆ ಅನ್ನುವುದು ಅದರ ಸಾರ. ಎರಡು ಟ್ರ್ಯಾಕಿನ ನಿರ್ಧಾರಕ್ಕೂ ಈ ಮಾತಿಗೂ ಎಷ್ಟು ಹೊಂದುತ್ತದೆ ನೋಡಿ.

ಮಾತಿಗೂ ಒಂದು ಟೇಪ್

ಹಾಡಿನ ಯಂತ್ರದ ಜೊತೆ ಇನ್ನೊಂದು ಟೇಪ್ ಸುಮ್ನೆ ಓಡುತ್ತಲೇ ಇತ್ತು. ಹಾಡಿನ ನಡುವಿನ ಮಾತು, ನಗು, ಯಾರು ಎಲ್ಲಿ ಎತ್ತಬೇಕು ಅನ್ನುವ ಚರ್ಚೆ ಎಲ್ಲ ಅದರಲ್ಲಿ ಬಿತ್ತು. ಆಮೇಲೆ ಅದರಲ್ಲಿ ಆರಿಸಿದ್ದನ್ನು ಹಾಡುಗಳ ನಡುವೆ ಸೇರಿಸಿದರು. ಆಗಿನ ಆಲ್ಬಮ್‌ಗಳಲ್ಲಿ ಹೀಗೆ ಮಾಡುವುದು ಅಪರೂಪ.

ಅದರಲ್ಲಿ ಒಂದು ತುಣುಕು ಇದೆ. ಅಂಧ ಗಿಟಾರ್ ವಾದಕರೂ ಕೆಂಟಕಿಯ ಗಿಟಾರ್ ವಾದಕರೂ ಅವತ್ತಿನ ತನಕ ಒಮ್ಮೆಯೂ ಭೇಟಿಯಾಗಿರಲಿಲ್ಲ. ಅಂಧ ವಾದಕರು ಕೆಂಟಕಿಯವರ ರೆಕಾರ್ಡ್ ಕೇಳಿಯೇ ಬೆಳೆದವರು, ತಮ್ಮ ಮಗನಿಗೆ ಅವರ ಹೆಸರನ್ನೇ ಇಟ್ಟಿದ್ದರು. ಪರಿಚಯದ ಮೊದಲ ಮಾತುಗಳು ಟೇಪಿನಲ್ಲಿವೆ. ನಿಮ್ಮ ಹೆಸರಿಟ್ಟರೆ ಆ ಕೈಚಳಕ ಸ್ವಲ್ಪವಾದರೂ ಮಗನಿಗೆ ಬರಬಹುದು ಅಂತ ಆಸೆಪಟ್ಟೆ ಅಂತ ಅಂಧ ವಾದಕರು ಹೇಳುತ್ತಾರೆ. ಕೆಂಟಕಿಯವರು ಸಂಕೋಚದಿಂದ ಉತ್ತರಿಸುತ್ತಾರೆ. ಗೌರವ ಅಂದರೆ ಹೇಗೆ ಕೇಳಿಸುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ತುಣುಕನ್ನೇ ಹಾಕಿ ತೋರಿಸುತ್ತೇನೆ. ಇದನ್ನು ಮೊದಲೇ ಬರೆದಿಟ್ಟು ಹೇಳಿಸಲು ಆಗುತ್ತಿರಲಿಲ್ಲ. ಟೇಪ್ ಓಡುತ್ತಿರಬೇಕು, ಅಷ್ಟೇ.

ಏನಾಯಿತು

ಹಳೆಯ ವಾದ್ಯಗಳ ಹಳೆಯ ಹಾಡುಗಳನ್ನು ಮೂರು ಎಲ್‌ಪಿಗಳಲ್ಲಿ ಮಾರುವುದು ಕಂಪನಿಗೆ ಅಪಾಯದ ಮಾತಾಗಿತ್ತು. ಆದರೆ ಕಾಲೇಜು ಹುಡುಗರು ಕೊಂಡರು, ಅವರ ಅಪ್ಪ ಅಮ್ಮಂದಿರೂ ಕೊಂಡರು. ವರ್ಷಗಳ ಮೇಲೆ, ಭಾರಿ ಮಾರಾಟಕ್ಕೆ ಸಿಗುವ ಪ್ಲಾಟಿನಂ ಮಟ್ಟವೂ ಮುಟ್ಟಿತು. ಫಿಡಲ್ ವಾದಕರ ಹೆಸರು ಈ ಆಲ್ಬಮ್‌ನಿಂದಲೇ ಹೊಸ ತಲೆಮಾರಿಗೆ ಗೊತ್ತಾಯಿತು. ಡಬಲ್ ಬೇಸ್ ವಾದಕರು ಮಾತ್ರ ಅದನ್ನು ನೋಡಲಿಲ್ಲ, 1971ರಲ್ಲೇ ತೀರಿಕೊಂಡರು. ಹಿರಿಯಮ್ಮ 1978ರಲ್ಲಿ ಹೋದರು. ಒಂದೆರಡು ವರ್ಷ ಆಮೇಲೆ ಮಾಡೋಣ ಅಂದಿದ್ದರೆ ಇದೇ ಕೋಣೆ ಮತ್ತೆ ಸೇರುತ್ತಿರಲಿಲ್ಲ.

ತಂಡ 1989ರಲ್ಲಿ ಎರಡನೇ ಸಂಪುಟ ಮಾಡಿತು. ಅದಕ್ಕೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಆಲ್ಬಮ್ ಪ್ರಶಸ್ತಿ ಬಂತು. ಮೂರನೆಯದು 2002ರಲ್ಲಿ. ಮೊದಲ ಸಂಪುಟ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೂ ಸೇರಿದೆ.

ಇದನ್ನು 2016ರ ಇನ್ನೊಂದು ಪ್ರಯತ್ನದ ಪಕ್ಕ ಇಟ್ಟು ನೋಡಬಹುದು. ಅದೇ ಅಸೋಸಿಯೇಷನ್‌ನ ಪ್ರಶಸ್ತಿಗಳ 50ನೇ ಸಮಾರಂಭದ ನೆಪದಲ್ಲಿ 30 ಕಲಾವಿದರು ಮೂರು ಹಳೆಯ ಹಾಡುಗಳನ್ನು ಹೆಣೆದ ಒಂದೇ ಹಾಡನ್ನು ಹಾಡಿದರು. ಜೋಸೆಫ್ ಖಾನ್ ಅದರ ವಿಡಿಯೋ ನಿರ್ದೇಶಿಸಿದರು. ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಗೆ ಆ ಹಾಡು ನೇರ ಮೊದಲ ಸ್ಥಾನದಲ್ಲೇ ಪ್ರವೇಶ ಪಡೆಯಿತು. ಅಚ್ಚುಕಟ್ಟಾದ ಕೆಲಸ, ಹಬ್ಬದ ದಿನಕ್ಕೆ ಹೇಳಿ ಮಾಡಿಸಿದ್ದು. ಆದರೆ ಐದು ನಿಮಿಷಕ್ಕಿಂತ ಕಮ್ಮಿ ಹೊತ್ತಿನಲ್ಲಿ 30 ಜನ ಅಂದರೆ ಒಬ್ಬೊಬ್ಬರಿಗೆ ಒಂದೆರಡು ಸಾಲು. ಒಬ್ಬರ ಹಾಡಿಗೆ ಇನ್ನೊಬ್ಬರು ಪಕ್ಕವಾದ್ಯಕ್ಕೆ ಕೂರುವ ಅವಕಾಶ ಅಲ್ಲಿಲ್ಲ. ಎಷ್ಟು ಜನ ಅನ್ನುವುದಕ್ಕಿಂತ ಒಬ್ಬೊಬ್ಬರಿಗೆ ಎಷ್ಟು ಹೊತ್ತು ಅನ್ನುವುದನ್ನು ಮೊದಲು ತೀರ್ಮಾನ ಮಾಡಬೇಕು ಅನ್ನುವುದು ಈ ಎರಡನ್ನೂ ಕೇಳಿದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯ.

ಕೋಣೆಯಲ್ಲಿ ಇಲ್ಲದವರು

1971ರ ಕೋಣೆಗೆ ಒಂದು ದೊಡ್ಡ ಕೊರತೆ ಇತ್ತು. ಆಲ್ಬಮ್‌ನ ಶೀರ್ಷಿಕೆ ಹಾಡು ಒಂದು ವೃತ್ತ ಕಡಿಯದೆ ಉಳಿಯಲಿ ಎಂದು ಹಾರೈಸುತ್ತದೆ. ಆದರೆ ಪರಂಪರೆ ಅಂತ ಕರೆದ ವೃತ್ತದೊಳಗೆ ಕಪ್ಪು ಕಲಾವಿದರು ಬರಲಿಲ್ಲ. ಬ್ಯಾಂಜೊ ಅಮೆರಿಕಕ್ಕೆ ಬಂದದ್ದೇ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಜೊತೆ. ಹಿರಿಯಮ್ಮನ ಕುಟುಂಬದ ಯಜಮಾನರು ಹಾಡು ಹುಡುಕಿಕೊಂಡು ಊರೂರು ತಿರುಗಿದಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು. ಧಾಟಿಗಳನ್ನು ನೆನಪಿಟ್ಟುಕೊಂಡು ಬಂದು ಮನೆಯವರಿಗೆ ನುಡಿಸಿ ತೋರಿಸಿದವರು ಅವರು. ಅವರಿಂದ ಕಲಿತದ್ದನ್ನು ಹಿರಿಯಮ್ಮನೇ ಹೇಳಿದ್ದಾರೆ. 1971ರಲ್ಲಿ ರಿಡಲ್ ಬದುಕಿದ್ದರು.

ಡಿಫೋರ್ಡ್ ಬೇಯ್ಲಿ ಎಂಬ ಕಪ್ಪು ಹಾರ್ಮೋನಿಕಾ ವಾದಕರು ಇನ್ನೂ ಹತ್ತಿರದಲ್ಲಿದ್ದರು, ಅದೇ ನ್ಯಾಶ್‌ವಿಲ್‌ನಲ್ಲಿ. 1927ರ ಡಿಸೆಂಬರ್‌ನ ಒಂದು ರಾತ್ರಿ ಅವರು ರೇಡಿಯೋದಲ್ಲಿ ಹಾರ್ಮೋನಿಕಾದ ಮೇಲೆ ರೈಲಿನ ಸದ್ದು ಹೊರಡಿಸಿದ ಬೆನ್ನಿಗೇ ನಿರೂಪಕರು ಆ ಕಾರ್ಯಕ್ರಮಕ್ಕೆ ಗ್ರಾಂಡ್ ಓಲ್ ಓಪ್ರಿ ಅಂತ ಹೆಸರಿಟ್ಟರು. ಕಂಟ್ರಿ ಸಂಗೀತದ ಅತಿ ಹೆಸರಾಂತ ವೇದಿಕೆ ಅದು. ಆ ವೇದಿಕೆಯ ಮೊದಲ ತಾರೆಯರಲ್ಲಿ ಒಬ್ಬರಾದ ಅವರನ್ನು 1941ರಲ್ಲಿ ಕೈಬಿಡಲಾಯಿತು. ಆಮೇಲೆ ಊರಿನಲ್ಲಿ ಶೂ ಪಾಲಿಶ್ ಅಂಗಡಿ ನಡೆಸಿ ಜೀವನ ಮಾಡಿದರು. ಆಲ್ಬಮ್ ರೆಕಾರ್ಡ್ ಆಗುವಾಗ ಅವರಿಗೆ ಎಪ್ಪತ್ತು ದಾಟಿತ್ತು.

ಒಬ್ಬರಿಂದ ಒಬ್ಬರನ್ನು ಕರೆಯುವ ದಾರಿಯಲ್ಲಿ ಈ ಅಪಾಯ ಇದ್ದೇ ಇದೆ. ಅದು ನಂಬಿಕೆ ತರುತ್ತದೆ, ಆದರೆ ಹಿರಿಯರ ಪರಿಚಯದ ಗೆರೆ ಎಲ್ಲಿ ನಿಲ್ಲುತ್ತದೋ ಪಟ್ಟಿಯೂ ಅಲ್ಲೇ ನಿಲ್ಲುತ್ತದೆ. ಒಬ್ಬೊಬ್ಬ ಹಿರಿಯರು ಒಪ್ಪಿದಾಗಲೂ "ನಿಮಗೆ ಇದನ್ನು ಕಲಿಸಿದವರು ಯಾರು, ಅವರು ಈಗ ಎಲ್ಲಿದ್ದಾರೆ" ಅಂತ ಒಂದು ಪ್ರಶ್ನೆ ಕೇಳಿದ್ದರೆ ಈ ಇಬ್ಬರ ಹೆಸರಾದರೂ ಮಾತಿಗೆ ಬರುತ್ತಿತ್ತು ಅನ್ನುವುದು ನನ್ನ ನಂಬಿಕೆ. ಮುಂದಿನವರು ಸ್ವಲ್ಪ ತಿದ್ದಿಕೊಂಡರು. 2002ರ ಮೂರನೇ ಸಂಪುಟದಲ್ಲಿ ಒಬ್ಬ ಹಿರಿಯ ಕಪ್ಪು ಬ್ಲೂಸ್ ಗಾಯಕರು ಹಾಡಿದರು. 2016ರ ಹಾಡಿನಲ್ಲಿ ಕಪ್ಪು ಕಂಟ್ರಿ ಗಾಯಕರಾದ ಚಾರ್ಲಿ ಪ್ರೈಡ್ ಮತ್ತು ಡೇರಿಯಸ್ ರಕರ್ ಇದ್ದರು. ಬೇಯ್ಲಿ ಅವರನ್ನು ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ, ಅವರು ತೀರಿಕೊಂಡ 23 ವರ್ಷಕ್ಕೆ.